ಮಾಸೆಟರ್‌ಗೆ (ಗಲ್ಲದ ಅಗಿಯೂ ಸ್ನಾಯುವಿಗೆ) ಬೋಟಾಕ್ಸ್ ಕೊಟ್ಟ ಮ್ಯಾಲೆ ಹಲ್ಲು ಕಚ್ಚಿದ್ರ ಗಲ್ಲದಾಗ ಗಂಟು ಏಳತೈತಿ, ಎಲ್ಲಿ ತಪ್ಪಿರಬಹುದು?

ಜಮಖಂಡಿ_ಚರ್ಮ

ನಮಸ್ಕಾರ್ರಿ ಎಲ್ಲಾರಿಗೂ. ಪೇಶಂಟ್ 27 ವರ್ಷದ ಹೆಣ್ಣುಮಗಳು, ಮುಖ ಚೌಕ ಕಾಣತೈತಿ ಅನ್ನೂದು ಕಂಪ್ಲೇಂಟ್. ಎರಡೂ ಕಡೆ ಮಾಸೆಟರ್ ದಪ್ಪ, ಹಲ್ಲು ಕಚ್ಚಿಸಿ ಮುಟ್ಟಿದ್ರ ಕಲ್ಲಿನಂಗ ಗಟ್ಟಿ. ಸ್ನಾಯು ಸಡಿಲ ಮಾಡೂ ಬೋಟಾಕ್ಸ್ ಕೊಟ್ಟು ಇವತ್ತಿಗೆ 21 ದಿನ. 100 ಯುನಿಟ್ ವಯಲ್‌ಗೆ 2.5 ಮಿ.ಲೀ. ಸಲೈನ್ ಕೂಡಿಸಿ, ಒಂದೊಂದು ಕಡೆ 25 ಯುನಿಟ್, ಮೂರು ಪಾಯಿಂಟ್. 1 ಮಿ.ಲೀ. ಇನ್ಸುಲಿನ್ ಸಿರಿಂಜು, ಅದಕ್ಕ 30 ಗೇಜಿನ ಅರ್ಧ ಇಂಚಿನ ಸೂಜಿ. ಮೂರೂ ಪಾಯಿಂಟಿನ್ಯಾಗ ಎಲುಬಿಗೆ ತಾಗೂ ತನಕ ಇಳಿಸಿ ಬಿಟ್ಟದ್ದು.

ಈಗ ಬಲಗಡೆ ಹಲ್ಲು ಕಚ್ಚಿದ್ರ ಗಲ್ಲದ ನಡುವ ಅರ್ಧ ಲಿಂಬಿಹಣ್ಣಿನಷ್ಟು ಗಂಟು ಏಳತೈತಿ, ಬಾಯಿ ಸಡಿಲ ಬಿಟ್ಟರ ಮಾಯ. ನೋವಿಲ್ಲ, ಕೆಂಪಿಲ್ಲ. ಎಡಗಡೆ ಗಂಟಿಲ್ಲ ಖರೆ, ಆದ್ರ ಶಕ್ತಿ ಕಮ್ಮಿ ಆದಂಗೂ ಇಲ್ಲ. ಕಡಕ್ ರೊಟ್ಟಿ, ಹುರಿದ ಶೇಂಗಾ ಮೊದಲಿನಂಗ ತಿಂತಾಳ. ಮದುವಿಗೆ ಇನ್ನ ನಾಕು ತಿಂಗಳು ಐತಿ. ಈಗ ಟಾಪ್‌ಅಪ್ ಕೊಡಬಹುದಾ? ಮತ್ತ ಮೀನಖಂಡಕ್ಕೂ ಕೊಡ್ರಿ ಅಂತ ಕೇಳಾಕತ್ತಾಳ, ಅದರ ಲೆಕ್ಕ ಗೊತ್ತಿದ್ದವರು ಹೇಳ್ರಿ.

ಬೆಳಗಾವಿ_ಪ್ಲಾಸ್ಟಿಕ್

ಮೇಡಂ, ಗಂಟಿನ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಒಂದು ಪ್ರಶ್ನೆ: ಸಿರಿಂಜಿನ ಮುಚ್ಚಳ ಕೆಂಪೋ, ಕಿತ್ತಳೆಯೋ? "25 ಯುನಿಟ್" ಅಂದಾಗ ಮಿಲಿಲೀಟರ್ ಲೆಕ್ಕ ಹಾಕಿ ಎಳೆದಿರೋ, ಸಿರಿಂಜಿನ ಮೇಲಿನ 25ರ ಗೀಟಿಗೆ ಎಳೆದಿರೋ?

ಕೇಳೋ ಕಾರಣ ಇಷ್ಟೇ. ನಮ್ಮಲ್ಲಿ ಎರಡು ಥರದ ಇನ್ಸುಲಿನ್ ಸಿರಿಂಜು ಒಂದೇ ಡ್ರಾಯರ್‌ನಲ್ಲಿ ಇರುತ್ತವೆ. ಕೆಂಪು ಮುಚ್ಚಳದ್ದು ಯು-40, ಅದರಲ್ಲಿ 1 ಮಿ.ಲೀ.ಗೆ 40 ಗೀಟು. ಕಿತ್ತಳೆ ಮುಚ್ಚಳದ್ದು ಯು-100, ಅದರಲ್ಲಿ 1 ಮಿ.ಲೀ.ಗೆ 100 ಗೀಟು. ಆ ಗೀಟುಗಳು ಇನ್ಸುಲಿನ್‌ಗೆ ಸೇರಿದವು, ಬೋಟಾಕ್ಸ್‌ಗೂ ಅವಕ್ಕೂ ಸಂಬಂಧವಿಲ್ಲ. ನೀವು 2.5 ಮಿ.ಲೀ. ಕೂಡಿಸಿದ್ದೀರಿ, ಅಂದರೆ 1 ಮಿ.ಲೀ.ನಲ್ಲಿ 40 ಯುನಿಟ್. ಹೀಗಿದ್ದಾಗ ಯು-40 ಸಿರಿಂಜಿನ ಒಂದು ಗೀಟು ಅಂದರೆ ಸರಿಯಾಗಿ ಒಂದು ಬೋಟಾಕ್ಸ್ ಯುನಿಟ್. ಇದು ಕಾಕತಾಳೀಯ, ಆದರೆ ಉಪಯೋಗಕ್ಕೆ ಬರುವ ಕಾಕತಾಳೀಯ. ಅದೇ ಮದ್ದನ್ನು ಯು-100 ಸಿರಿಂಜಿನಲ್ಲಿ 25ರ ಗೀಟಿಗೆ ಎಳೆದರೆ ಬರೋದು 0.25 ಮಿ.ಲೀ., ಅಂದರೆ ಬರೀ 10 ಯುನಿಟ್.

ಉಲ್ಟಾ ಆದರೆ ಇನ್ನೂ ಕೆಟ್ಟದ್ದು. 1 ಮಿ.ಲೀ. ಮಾತ್ರ ಕೂಡಿಸಿ ಯು-40 ಸಿರಿಂಜಿನಲ್ಲಿ 25ರ ಗೀಟಿಗೆ ಎಳೆದರೆ 62.5 ಯುನಿಟ್ ಒಂದೇ ಗಲ್ಲಕ್ಕೆ ಹೋಗುತ್ತದೆ.

ಜಮಖಂಡಿ_ಚರ್ಮ

ಸರ್, ಮುಚ್ಚಳ ಕಿತ್ತಳೆ. 25ರ ಗೀಟಿಗೇ ಎಳೆದದ್ದು. ಛೇ.

ತಂಪುಪೆಟ್ಟಿಗೆ_ವಿಜಯಪುರ

ಅಕ್ಕಾರ, ಇದು ವಯಲ್ ನೋಡಿದ್ರನ ಗೊತ್ತಾಗತಿತ್ತು. ಎರಡೂ ಕಡೆ ಸೇರಿ 50 ಯುನಿಟ್ ಹೋದ್ರ 2.5 ಮಿ.ಲೀ. ಒಳಗ 1.25 ಖಾಲಿ ಆಗಬೇಕು, ವಯಲ್ ಅರ್ಧಕ್ಕ ಬರಬೇಕು. ನಿಮ್ಮ ವಯಲ್ ಒಳಗ ಹತ್ತತ್ರ 2 ಮಿ.ಲೀ. ಉಳಿದಿರಬೇಕಲ್ಲ? ಸೂಜಿ ಹಾಕಿದ ಮ್ಯಾಲೆ ವಯಲ್ ಬೆಳಕಿಗೆ ಹಿಡಿದು ಉಳಿದದ್ದು ನೋಡೂದು, ರಿಜಿಸ್ಟರ್‌ದಾಗ ಯುನಿಟ್ ಮತ್ತ ಮಿಲಿ ಎರಡೂ ಬರಿಯೂದು. ಬರೇ "25" ಅಂತ ಬರದ್ರ ನಾಳೆ ಅದು ಏನು ಅಂತ ಬರದವರಿಗೂ ನೆನಪಿರೂದಿಲ್ಲ. ಯು-40 ಅಥವಾ ಯು-100, ಯಾವುದರೆ ಒಂದನ್ನ ಕ್ಲಿನಿಕ್‌ನ್ಯಾಗ ಇಟ್ಟು ಇನ್ನೊಂದನ್ನ ಆ ಟ್ರೇದ ಹತ್ರ ಬರಗೊಡಬ್ಯಾಡ್ರಿ. ಇಲ್ಲಾಂದ್ರ ಮಿಲಿಲೀಟರ್ ಗೀಟು ಇರೂ 1 ಮಿ.ಲೀ. ಟ್ಯೂಬರ್ಕ್ಯುಲಿನ್ ಸಿರಿಂಜು ತಗೋರಿ, ಗೊಂದಲನ ಇಲ್ಲ.

ಇನ್ನ ಮದ್ದಿನ ಕಡೆ ಬರೂಣು. ಅದೂ ಮೆತ್ತಗಾಗಿದ್ದರ ಸಿರಿಂಜಿನ ಮ್ಯಾಲೆ ಅಷ್ಟ ತಪ್ಪು ಹೊರಸಿದಂಗ ಆಗತೈತಿ. ಇವನ್ನ ಒಮ್ಮೆ ತಾಳಿ ನೋಡ್ರಿ:

ವಯಲ್ 2ರಿಂದ 8 ಡಿಗ್ರಿ ಒಳಗ ಬಂದಿತ್ತೇನು? ಹುಬ್ಬಳ್ಳಿಯಿಂದ ಬಸ್ಸಿನ್ಯಾಗ ಹಾಕಿ ಕಳಸೂ ಥರ್ಮೋಕೋಲ್ ಡಬ್ಬಿ ಎಪ್ರಿಲ್–ಮೇ ಬಿಸಲಾಗ ಬಸ್‌ಸ್ಟ್ಯಾಂಡಿನ ಪಾರ್ಸಲ್ ಕೋಣ್ಯಾಗ ಎರಡು ತಾಸು ಕುಂತರ ಒಳಗಿನ ಜೆಲ್ ಪ್ಯಾಕ್ ನೀರಾಗಿರತಾವ. ಡಬ್ಬಿ ತಗದ ಕೂಡಲೆ ಜೆಲ್ ಪ್ಯಾಕ್ ಮುಟ್ಟಿ ನೋಡ್ರಿ, ಇನ್ನ ತಂಪು ಇರಬೇಕು. ಫ್ರಿಜ್ಜಿನ್ಯಾಗ ಬಾಗಲದ ಕಪಾಟಿನ್ಯಾಗ ಇಡಬ್ಯಾಡ್ರಿ, ತಗದಾಗ ಹಾಕಿದಾಗ ಅದ ಮೊದಲು ಬಿಸಿ ಆಗೂದು. ನಡುವಿನ ಹಲಗಿ ಮ್ಯಾಲೆ, ಒಂದು ಥರ್ಮಾಮೀಟರ್ ಜೋಡಿ.

ಸಲೈನ್ ಸೂಜಿ ಚುಚ್ಚಿದ ಕೂಡಲೆ ವಯಲ್ ತಾನಾಗೆ ನೀರು ಎಳಕೋಬೇಕು. ಒಳಗ ವ್ಯಾಕ್ಯೂಮ್ ಇರತೈತಿ. ಎಳೀಲಿಲ್ಲಂದ್ರ ಆ ವಯಲ್ ಬಳಸೂದಿಲ್ಲ, ವಾಪಸ್. ಪುಡಿ ಕಾಣಸೂದಿಲ್ಲಂತ ಗಾಬರಿ ಆಗಬ್ಯಾಡ್ರಿ: 100 ಯುನಿಟ್ ಬೋಟಾಕ್ಸ್ ಒಳಗ ಟಾಕ್ಸಿನ್ ಸುಮಾರು 5 ನ್ಯಾನೋಗ್ರಾಂ ಅಷ್ಟ. ತಳದಾಗ ಕಾಣೂ ತೆಳ್ಳನ ಪೊರಿ 0.5 ಮಿ.ಗ್ರಾಂ ಆಲ್ಬ್ಯುಮಿನ್ ಮತ್ತ 0.9 ಮಿ.ಗ್ರಾಂ ಉಪ್ಪು. ನೀರು ಹಾಕಿದ ಮ್ಯಾಲೆ ಕೈಯಾಗ ಹಗೂರಕ ತಿರುವೂದು, ಸಿರಪ್ ಬಾಟ್ಲಿ ಅಲ್ಲಾಡಿಸಿದಂಗ ಅಲ್ಲ. ಸಲೈನ್ 0.9 ಪರ್ಸೆಂಟ್, ಪ್ರಿಸರ್ವೇಟಿವ್ ಇಲ್ಲದ್ದು. ಚರ್ಮಕ್ಕ ಸ್ಪಿರಿಟ್ ಒರಸಿದ್ರ ಪೂರಾ ಆರೂ ತನಕ ಕಾಯ್ರಿ.

ಕೂಡಿಸಿದ ಮ್ಯಾಲೆ ಲೇಬಲ್ ಪ್ರಕಾರ 24 ತಾಸು, ಅದೂ ಫ್ರಿಜ್ಜಿನ್ಯಾಗ, ಅದೂ ಒಬ್ಬ ಪೇಶಂಟಿಗೆ. ಉಳಿದ 80 ಯುನಿಟ್ ಇನ್ನೊಬ್ಬರಿಗೆ ಹಾಕಿದ್ರೇನು ಅಂತ ನಾ ಕೇಳೂದಿಲ್ಲ. ಆದ್ರ ಹಾಕಿದ್ದರ ಅವರಿಗೂ ಗೀಟಿನ ಲೆಕ್ಕದಾಗನ ಹೋಗೇತಿ, ಅವರ ಫೈಲೂ ತಗದು ನೋಡ್ರಿ.

ಮತ್ತೊಂದು. ಅಗ್ಗದ್ದು ಸಿಗತೈತಿ ಅಂತ ವಾಟ್ಸಾಪ್‌ನ್ಯಾಗ ಬರೂ ವಯಲ್ ಮುಟ್ಟಬ್ಯಾಡ್ರಿ. ಬಿಲ್ ಇರಬೇಕು, ಬ್ಯಾಚ್ ನಂಬರು ಡಬ್ಬಿ ಮ್ಯಾಲಿಂದೂ ವಯಲ್ ಮ್ಯಾಲಿಂದೂ ಒಂದ ಇರಬೇಕು. 2024ರ ಎಪ್ರಿಲ್‌ದಾಗ ಅಮೆರಿಕಾದಾಗ ನಕಲಿ ಬೋಟಾಕ್ಸ್ ಹಾಕಿಸಿಕೊಂಡವರಿಗೆ ಕಣ್ಣು ಮಂಜು, ನುಂಗಾಕ ತ್ರಾಸು ಆಗಿ ಆಸ್ಪತ್ರಿಗೆ ಸೇರಿಸಿದ್ರು, ಅಲ್ಲಿನ ಸರಕಾರನ ಎಚ್ಚರಿಕಿ ಹೊರಡಿಸ್ತು.

ಬೆಳಗಾವಿ_ಪ್ಲಾಸ್ಟಿಕ್

ಹಾಗಾದರೆ ಒಂದೊಂದು ಕಡೆ ಹೋಗಿರೋದು 10 ಯುನಿಟ್. ಎಡಗಡೆ ಶಕ್ತಿ ಇಳಿಯದೇ ಇರೋದಕ್ಕೆ ಇಷ್ಟೇ ಸಾಕು. ಮಾಸೆಟರ್‌ಗೆ ಬೋಟಾಕ್ಸ್ ಲೆಕ್ಕದಲ್ಲಿ ಸಾಮಾನ್ಯವಾಗಿ ಒಂದು ಕಡೆಗೆ 20ರಿಂದ 30, ಗಂಡಸರಿಗೆ ಅಥವಾ ತುಂಬ ದಪ್ಪ ಸ್ನಾಯುವಿಗೆ 40ರ ತನಕ. ಡಿಸ್ಪೋರ್ಟ್ (ಇಂಥದ್ದೇ ಇನ್ನೊಂದು ಬ್ರಾಂಡ್) ಬಳಸುವವರು ಈ ಅಂಕಿಯನ್ನು ಹಾಗೇ ಎತ್ತಿಕೊಳ್ಳಬೇಡಿ. ಅದರ ಯುನಿಟ್ಟೇ ಬೇರೆ, ರೂಢಿಯಲ್ಲಿ ಎರಡೂವರೆಯಿಂದ ಮೂರು ಪಟ್ಟು ಹಿಡಿಯುತ್ತಾರೆ.

ಬಲಗಡೆಯ ಗಂಟಿಗೆ ಕಾರಣ ಆಳ. ಮಾಸೆಟರ್ ಒಂದೇ ಮುದ್ದೆಯಲ್ಲ, ಪದರ ಪದರ. ಮೇಲಿನ ಪದರದ ಒಳಗೇ, ಕೆಳಭಾಗದಲ್ಲಿ, ಒಂದು ಗಟ್ಟಿ ಸ್ನಾಯುರಜ್ಜು ಪರದೆ ಇರುತ್ತದೆ. ಎಲುಬಿಗೆ ತಾಗಿಸಿ ಬಿಟ್ಟ ಮದ್ದು ಆ ಪರದೆ ದಾಟಿ ಹೊರಗೆ ಬರುವುದಿಲ್ಲ. ಒಳಗಿನ ನಾರುಗಳು ಸುಮ್ಮನಾಗುತ್ತವೆ, ಹೊರಗಿನವು ಎಲ್ಲ ಭಾರ ತಾವೇ ಎಳೆಯುತ್ತವೆ, ಕಚ್ಚಿದಾಗ ಅವೇ ಉಬ್ಬಿ ಗಂಟಿನ ಹಾಗೆ ಕಾಣುತ್ತವೆ. ಸಡಿಲ ಬಿಟ್ಟಾಗ ಮಾಯ ಆಗುತ್ತದೆ ಅಂತ ನೀವೇ ಬರೆದಿದ್ದೀರಿ, ಅಲ್ಲಿಗೆ ರಕ್ತಗಂಟು ಅಲ್ಲ, ಕೀವು ಅಲ್ಲ. ಎರಡೂ ಕಡೆ ಒಂದೇ ರೀತಿ ಹಾಕಿದರೂ ಒಂದೇ ಕಡೆ ಗಂಟು ಬಂದಿದ್ದು ವಿಚಿತ್ರವೇನಲ್ಲ, ಆ ಪರದೆಯ ದಪ್ಪ, ಅಗಲ ಎರಡೂ ಕಡೆ ಒಂದೇ ಇರುವುದಿಲ್ಲ.

ಸರಿಪಡಿಸೋದು ಹೀಗೆ. ಪೇಶಂಟನ್ನು ನೆಟ್ಟಗೆ ಕೂಡಿಸಿ. ಕಿವಿಯ ಹಾಲೆಯಿಂದ ಬಾಯಿಯ ಮೂಲೆಗೆ ಒಂದು ಗೆರೆ ಎಳೆಯಿರಿ, ಅದರ ಮೇಲೆ ಸೂಜಿ ಹೋಗಬಾರದು. ಹಲ್ಲು ಕಚ್ಚಿಸಿ ಸ್ನಾಯುವಿನ ಮುಂದಿನ ಅಂಚು, ಹಿಂದಿನ ಅಂಚು ಬೆರಳಿಂದ ಹುಡುಕಿ ಪೆನ್ಸಿಲ್ ಗುರುತು ಹಾಕಿ. ಕೆಳಗೆ ದವಡೆ ಎಲುಬಿನ ಅಂಚು. ಈ ನಾಲ್ಕು ಗೆರೆಗಳ ಪೆಟ್ಟಿಗೆಯಲ್ಲಿ ಎಲ್ಲ ಅಂಚಿನಿಂದ 1 ಸೆಂ.ಮೀ. ಒಳಗೆ ಇರಿ. ಮುಂದೆ ಹೋದರೆ ನಗೆಯ ಸ್ನಾಯು ರಿಸೋರಿಯಸ್‌ಗೆ ತಾಗಿ ನಕ್ಕಾಗ ಬಾಯಿ ಸೊಟ್ಟ. ಮೇಲೆ, ಹಿಂದೆ ಹೋದರೆ ಜೊಲ್ಲಿನ ಪರೋಟಿಡ್ ಗ್ರಂಥಿ. ಮುಂದಿನ ಅಂಚು ಎಲುಬಿಗೆ ಸೇರುವಲ್ಲಿ ಮುಖದ ಧಮನಿ ಬೆರಳಿಗೆ ಬಡಿಯುತ್ತದೆ, ಅದನ್ನು ಮೊದಲೇ ಮುಟ್ಟಿ ನೋಡಿಕೊಂಡರೆ ನೀಲಿಗಟ್ಟೋದು ತಪ್ಪುತ್ತದೆ.

ಬಲಗಡೆ ಉಳಿದ 15ರಲ್ಲಿ 5 ಯುನಿಟ್ ಗಂಟಿಗೇ: ಕಚ್ಚಿಸಿ, ಎದ್ದ ಜಾಗವನ್ನು ಎರಡು ಬೆರಳಿನ ನಡುವೆ ಹಿಡಿದು, ಸೂಜಿ ಅರ್ಧ ಮಾತ್ರ ಇಳಿಸಿ, ಎರಡು ಕಡೆ ಎರಡೂವರೆ ಎರಡೂವರೆ. ಎಲುಬು ಮುಟ್ಟಬಾರದು. ಉಳಿದ 10 ಯುನಿಟ್ ಕೆಳಗಿನ ದಪ್ಪ ಭಾಗಕ್ಕೆ: ಎಲುಬಿಗೆ ತಾಗಿಸಿ ಅರ್ಧ ಬಿಟ್ಟು, ಸೂಜಿ ಹಿಂದೆ ಎಳೆಯುತ್ತಾ ನಡುವೆ ಉಳಿದರ್ಧ. ಎಡಗಡೆ 15 ಯುನಿಟ್ಟೂ ಹೀಗೇ ಎರಡು ಆಳದಲ್ಲಿ, ಪಾಯಿಂಟುಗಳ ನಡುವೆ ಒಂದರಿಂದ ಒಂದೂವರೆ ಸೆಂ.ಮೀ. ಬಿಟ್ಟು. ನಿಮ್ಮದೇ 2.5 ಮಿ.ಲೀ. ಲೆಕ್ಕ ಇಟ್ಟುಕೊಂಡರೆ 15 ಯುನಿಟ್ ಅಂದರೆ 0.375 ಮಿ.ಲೀ. ಆ ಕಿತ್ತಳೆ ಸಿರಿಂಜಿನಲ್ಲಿ ಅದು ಮೂವತ್ತೇಳೂವರೆ ಗೀಟು. ಅದಕ್ಕೇ ಸಿರಿಂಜು ಬದಲಿಸಿ ಅಂದದ್ದು.

ಚೂರು ಚೂರು ಮೂರು ಸಲ ಟಾಪ್‌ಅಪ್ ಮಾಡಬೇಡಿ. ಮತ್ತೆ ಮತ್ತೆ ಹತ್ತಿರ ಹತ್ತಿರ ಕೊಟ್ಟರೆ ದೇಹ ಟಾಕ್ಸಿನ್ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುವ ಅವಕಾಶ ಹೆಚ್ಚು. ಒಂದೇ ಸಲ ಮುಗಿಸಿ, ಆಮೇಲೆ ಕನಿಷ್ಠ ಮೂರು ತಿಂಗಳು ಮುಟ್ಟಬೇಡಿ.

ಹಲ್ಲು_ಬಾಗಲಕೋಟಿ

ಸರ್ ಹೇಳಿದ ಆಳದ ಮಾತು ಪೂರಾ ಒಪ್ಪಿಗಿ. ಆದ್ರ ಅವಸರ ಯಾಕ? ಇಂಥ ಗಂಟು ಭಾಳ ಸಲ ಕೆಲವು ವಾರದಾಗ ತಾನ ಇಳೀತೈತಿ. ಡೋಸ್ ಕಮ್ಮಿ ಆಗೇತಿ ಅನ್ನೂದು ಖಾತ್ರಿ ಇರೂದ್ರಿಂದ ಈ ಕೇಸಿನ್ಯಾಗ ಕೊಡೂದು ಸರಿ ಅನ್ಕೊಳ್ರಿ. ಡೋಸ್ ಸರಿ ಇದ್ದು ಗಂಟು ಅಷ್ಟ ಬಂದಿದ್ದರ ಕಾಯ್ರಿ ಅಂತಿದ್ದೆ.

ಸೂಜಿ ಹಿಡಿಯೂಕಿಂತ ಮೊದಲು ಬಾಯಿ ತಗಸಿ ನೋಡಿದ್ರೇನು ಮೇಡಂ? ನಮ್ಮ ಭಾಗದಾಗ ಇದು ಬಿಟ್ಟು ಮಾಸೆಟರ್ ಮಾತಾಡಾಕ ಬರೂದಿಲ್ಲ. ಗುಟ್ಕಾ, ಅಡಕಿ ಅಗಿಯೂ ರೂಢಿ ಇದ್ದವರಿಗೆ ಮಾಸೆಟರ್ ದಪ್ಪ ಆಗತೈತಿ, ಅದರ ಜೋಡಿ ಗಲ್ಲದ ಒಳಪೊರಿ ಬೆಳ್ಳಗಾಗಿ ಹಗ್ಗದಂಗ ಬಿಗಿಯೂದೂ ಇರತೈತಿ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಪೇಶಂಟಿನ ಸ್ವಂತ ಮೂರು ಬೆರಳು ಉದ್ದಕ ನಿಲ್ಲಿಸಿ ಹಲ್ಲಿನ ನಡುವ ಹೋಗಬೇಕು. ಎರಡ ಹೋದ್ರ ಅಲ್ಲೆ ನಿಲ್ಲಸ್ರಿ. ಖಾರ ತಿಂದ್ರ ಉರಿ, ಗಲ್ಲ ಒಳಗಿನಿಂದ ಅಮೃತಶಿಲಿ ಥರ ಬೆಳ್ಳಗ ಇದ್ದರ ಬೋಟಾಕ್ಸ್ ಮಾತು ಬಿಟ್ಟು ಬಾಯಿ ಡಾಕ್ಟರ್ ಕಡೆ ಕಳಸ್ರಿ. ಅದು ಕ್ಯಾನ್ಸರಿಗೆ ತಿರುಗೂ ಬ್ಯಾನಿ. ಹೆಣ್ಣುಮಕ್ಕಳು ತಿನ್ನೂದಿಲ್ಲ ಅನ್ಕೋಬ್ಯಾಡ್ರಿ, ಕೇಳೂ ಧಾಟಿ ಅಷ್ಟ ಬ್ಯಾರೆ: "ಊಟ ಆದ ಮ್ಯಾಲೆ ಅಡಕಿ ಹೋಳು ಹಾಕೋತೀರೇನ್ರಿ?" ಅಂದ್ರ ಖರೆ ಹೇಳತಾರ.

ಎರಡನೇದು, ಒಂದ ಕಡೆ ದಪ್ಪ ಇದ್ದರ ಇನ್ನೊಂದು ಕಡೆ ಹಲ್ಲು ಎಣಸ್ರಿ. ಎಡಗಡೆ ದವಡಿಹಲ್ಲು ಹುಳಕಾಗಿ ನೋಯತಿದ್ದರ ವರ್ಷಗಟ್ಟಲೆ ಬಲಗಡೆನ ಅಗೀತಾರ, ಬಲಗಡೆ ಸ್ನಾಯು ಬೆಳೀತೈತಿ. ಹಲ್ಲು ರಿಪೇರಿ ಮಾಡದ ಬೋಟಾಕ್ಸ್ ಕೊಟ್ಟರ ಆರು ತಿಂಗಳಿಗೆ ಮತ್ತ ಅಲ್ಲೆ ಬಂದು ನಿಲ್ಲತೈತಿ. ರಾತ್ರಿ ಹಲ್ಲು ಕಡಿಯೂ ಚಟ ಇದ್ದರ ನೈಟ್ ಗಾರ್ಡ್ ಜೋಡಿ ಕೊಡ್ರಿ. ಇಲ್ಲಾಂದ್ರ ಮಾಸೆಟರ್ ಸುಮ್ಮನಾದ ಕೂಡಲೆ ಕಪಾಳದ ಮ್ಯಾಲಿನ ಟೆಂಪೊರಾಲಿಸ್ ಕೆಲಸ ಹಿಡೀತೈತಿ, ಕಣತಲಿ ಉಬ್ಬಿ ತಲಿನೋವು ಅಂತ ಬರತಾರ.

ಒಂದ ಕಡೆ ಉಬ್ಬು, ಕಚ್ಚಿದ್ರೂ ಬಿಟ್ಟರೂ ಅಷ್ಟ ಇರೂ ಉಬ್ಬು, ದಿನಾ ಬೆಳಿಯೂ ಉಬ್ಬು, ಇವು ಮಾಸೆಟರ್ ಅಲ್ಲ. ಪರೋಟಿಡ್ ಗಡ್ಡಿ, ಅಕ್ಕಲಹಲ್ಲಿನ ಕೀವು, ರಕ್ತನಾಳದ ಗಂಟು, ಯಾವುದೂ ಇರಬಹುದು. ಮೊದಲು ಅಲ್ಟ್ರಾಸೌಂಡ್. ಅದರಾಗ ಸ್ನಾಯುವಿನ ದಪ್ಪ ಸಡಿಲದಾಗ ಒಮ್ಮೆ, ಕಚ್ಚಿದಾಗ ಒಮ್ಮೆ ಬರೆಸಿಕೊಳ್ರಿ, ಮೂರು ತಿಂಗಳಿಗೆ ಅದ ಅಳತಿ ಮತ್ತ ತಗದ್ರ ಕಮ್ಮಿ ಆಗೇತೋ ಇಲ್ಲೋ ಅನ್ನೂ ವಾದನ ಬರೂದಿಲ್ಲ. ಓಪಿಜಿ (ಇಡೀ ದವಡಿ ಕಾಣೂ) ಎಕ್ಸ್‌ರೇದಾಗ ದವಡಿ ಮೂಲಿ ಎಲುಬು ಹೊರಗ ಚಾಚಿದ್ದರ ಪೇಶಂಟಿಗೆ ಮೊದಲ ಹೇಳಿಬಿಡ್ರಿ: ಸ್ನಾಯು ಇಳೀತೈತಿ, ಎಲುಬು ಇಳಿಯೂದಿಲ್ಲ, ಮುಖ ನಿಮಗ ಬೇಕಾದಷ್ಟು ಸಣ್ಣ ಆಗೂದಿಲ್ಲ.

ಜಮಖಂಡಿ_ಚರ್ಮ

ಬಾಯಿ ಮೂರು ಬೆರಳು ತಗೀತಾಳ, ಅಡಕಿ ಇಲ್ಲ, ಓಪಿಜಿ ತಗಸಿಲ್ಲ, ತಗಸ್ತೀನಿ. ಆಕಿಗೆ ಏನಂತ ಹೇಳೂದು? ಯಾವಾಗ ಕಾಣತೈತಿ? ಏನು ತಿನಬೇಕು?

ಬೆಳಗಾವಿ_ಪ್ಲಾಸ್ಟಿಕ್

ಶಕ್ತಿ ಇಳಿಯೋದು ಬೇರೆ, ಗಾತ್ರ ಇಳಿಯೋದು ಬೇರೆ ಅಂತ ಮೊದಲ ದಿನವೇ ಹೇಳಿ. ಟಾಕ್ಸಿನ್ ನರದ ತುದಿಯಲ್ಲಿ ಎಸ್‌ಎನ್‌ಎಪಿ-25 ಅನ್ನೋ ಪ್ರೋಟೀನ್ ಕತ್ತರಿಸುತ್ತದೆ, ಸ್ನಾಯುವಿಗೆ ಎಳೆ ಅಂತ ಹೇಳೋ ಅಸಿಟೈಲ್‌ಕೋಲಿನ್ ಹೊರಗೆ ಬರೋದು ನಿಲ್ಲುತ್ತದೆ. ಇದು ವಾರ, ಎರಡು ವಾರದ ಮಾತು. ಆಮೇಲೆ ಕೆಲಸ ಇಲ್ಲದ ಸ್ನಾಯು ನಿಧಾನಕ್ಕೆ ಸೊರಗಬೇಕು. ಕೈಗೆ ಪ್ಲಾಸ್ಟರ್ ಹಾಕಿದರೆ ತೋಳು ಬಡವಾಗೋ ಹಾಗೆ. ಕಣ್ಣಿಗೆ ಕಾಣೋಕೆ ನಾಲ್ಕರಿಂದ ಆರು ವಾರ, ಪೂರ್ತಿ ಇಳಿಯೋಕೆ ಮೂರು ತಿಂಗಳ ಹತ್ತಿರ. ನಾಲ್ಕು ತಿಂಗಳಿದೆ ಅಂದಿರಿ, ಈ ವಾರ ಕೊಟ್ಟರೆ ಲೆಕ್ಕ ಕೂಡುತ್ತದೆ. ಮದುವೆ ಒಂದು ತಿಂಗಳಿದ್ದಾಗ ಬಂದವರಿಗೆ ಕೊಡಬೇಡಿ, ಅಗಿಯೋ ತ್ರಾಸು, ನಗೆ ಓರೆ ಆಗೋ ಅಪಾಯ ಎಲ್ಲ ಮಂಟಪದ ದಿನಕ್ಕೇ ಬಂದು ಕೂರುತ್ತವೆ, ತೆಳ್ಳಗಾಗೋದು ಮಾತ್ರ ಫೋಟೋ ಆಲ್ಬಂ ಬಂದ ಮೇಲೆ.

ಫೋಟೋ ಇವತ್ತೇ ತೆಗೆಯಿರಿ: ಎದುರು, ಎರಡೂ ಕಡೆ ಓರೆ, ಸಡಿಲ ಬಿಟ್ಟು ಒಂದು, ಕಚ್ಚಿ ಒಂದು, ನಕ್ಕು ಒಂದು. ನಕ್ಕ ಫೋಟೋ ಮರೆಯಬೇಡಿ. ಎಷ್ಟೋ ಜನರ ನಗೆ ಮೊದಲಿನಿಂದಲೇ ಸ್ವಲ್ಪ ಓರೆ, ಸೂಜಿ ಹಾಕಿಸಿಕೊಂಡ ಮೇಲೆ ಕನ್ನಡಿ ನೋಡಿದಾಗಲೇ ಅದು ಗೊತ್ತಾಗೋದು.

ತಿನ್ನೋದಕ್ಕೆ ನಿಷೇಧ ಇಲ್ಲ, ದಣಿವು ಇರುತ್ತದೆ. ಸರಿಯಾದ ಡೋಸ್ ಬಿದ್ದ ಮೇಲೆ ಮೊದಲ ಮೂರ್ನಾಲ್ಕು ವಾರ ಕಡಕ್ ರೊಟ್ಟಿ, ಗೋಕಾಕದ ಕರದಂಟು, ಅಮೀನಗಡದ ಕರದಂಟು ಅಗಿಯೋಕೆ ದವಡೆ ಸೋಲುತ್ತದೆ. ಬಿಸಿ ರೊಟ್ಟಿ, ಸಾರಲ್ಲಿ ನೆನೆಸಿದ್ದು ತಿನ್ನಲಿ. ಅದೇ ದಿನ ಫೇಶಿಯಲ್, ಮುಖಕ್ಕೆ ಮಸಾಜ್ ಬೇಡ. ವಯಸ್ಸು ನಲವತ್ತು ದಾಟಿ ಚರ್ಮ ಸಡಿಲ ಇರುವವರಿಗೆ ಸ್ನಾಯು ಇಳಿದರೆ ಗಲ್ಲ ಜೋತು ಬೀಳುತ್ತದೆ, ಕೆನ್ನೆ ಕೆಳಗೆ ಗುಳಿ ಬೀಳುತ್ತದೆ. 27ಕ್ಕೆ ಆ ಚಿಂತೆ ಕಮ್ಮಿ.

ಬಸುರಿ, ಹಾಲುಣಿಸುವವರು, ಮಯಸ್ತೀನಿಯಾ (ಸ್ನಾಯು ಬೇಗ ಸೋಲೋ ಕಾಯಿಲೆ) ಇರುವವರಿಗೆ ಬೇಡ. ಸಂಜೆ ಆದರೆ ರೆಪ್ಪೆ ಇಳಿಯುತ್ತಾ, ಎರಡೆರಡು ಕಾಣುತ್ತಾ ಅಂತ ಕೇಳಿ. ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ನಡೆಯುತ್ತಿದ್ದರೆ ಮುಗಿಯೋ ತನಕ ಕಾಯಿರಿ, ಅವು ಟಾಕ್ಸಿನ್ ಕೆಲಸ ಹೆಚ್ಚಿಸುತ್ತವೆ. ಸೂಜಿ ಆದ ದಿನದಿಂದ ಕೆಲವು ವಾರದ ಒಳಗೆ ನುಂಗಲು ಕಷ್ಟ, ಮಾತು ತೊದಲು, ರೆಪ್ಪೆ ಜೋಲು, ಉಸಿರು ಸಾಲದು, ಇದರಲ್ಲಿ ಯಾವುದು ಬಂದರೂ ಫೋನ್ ಮಾಡಿ ಕೂರೋದಲ್ಲ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ನೇರ ಹೋಗೋದು. ಈ ಎಚ್ಚರಿಕೆ 2009ರಿಂದ ಅಮೆರಿಕದ ಲೇಬಲ್ ಮೇಲೆ ಪೆಟ್ಟಿಗೆ ಕಟ್ಟಿ ಅಚ್ಚಾಗುತ್ತಿದೆ. ಮಾಸೆಟರ್‌ಗೆ ಕೊಡೋದು ವೈದ್ಯ ಸಾಹಿತ್ಯದಲ್ಲಿ 1994ರಿಂದ ಇದೆ, ಆದರೆ ಅಮೆರಿಕದಲ್ಲಿ ಇದು ಲೇಬಲ್ ಹೊರಗಿನ ಬಳಕೆ ಅಂತ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಬರೆದು ಸಹಿ ತಗೊಳ್ಳಿ.

ಮೀನಖಂಡ_ಫಿಸಿಯೋ

ಕಾಲಿನ ಪ್ರಶ್ನಿಗೆ ಯಾರೂ ಕೈ ಹಾಕಲಿಲ್ಲ, ಅದಕ್ಕ ಬರದೆ. ಮೊದಲು ತುದಿಗಾಲ ಮ್ಯಾಲೆ ನಿಲ್ಲಸ್ರಿ. ಒಳಮಗ್ಗಲ ಗುಡ್ಡಿ ಗಟ್ಟಿಯಾಗಿ ಎದ್ದು ನಿಂತರ ಅದು ಮೀನಖಂಡದ ಮ್ಯಾಲಿನ ಸ್ನಾಯು ಗ್ಯಾಸ್ಟ್ರೊಕ್ನೀಮಿಯಸ್, ಚಿವುಟಿದ್ರ ಕೈಗೆ ಬರೂದು ಕೊಬ್ಬು, ಅದಕ್ಕ ಬೋಟಾಕ್ಸ್ ಏನೂ ಮಾಡೂದಿಲ್ಲ. ಒಂದ ಕಾಲು ದಪ್ಪ ಇದ್ದರ ರಕ್ತನಾಳ ನೋಡಿಸ್ರಿ.

ಕೊಡೂದು ಒಳಮಗ್ಗಲ ತಲೆಗೆ, ಅದು ದಪ್ಪ ಇರೂ ಮ್ಯಾಲಿನ ಭಾಗಕ್ಕ, ಒಂದ ಕಾಲಿಗೆ 50ರಿಂದ 100 ಯುನಿಟ್ ಬೋಟಾಕ್ಸ್, ಆರರಿಂದ ಹತ್ತು ಪಾಯಿಂಟ್. ನಟ್ಟನಡುವ ಗೆರಿ ಬಿಡ್ರಿ, ಅಲ್ಲಿ ಸೂರಲ್ ನರ, ಸಣ್ಣ ಸಫೀನಸ್ ಸಿರ ಅದಾವ. ಅಡಿ ಇರೂ ಸೋಲಿಯಸ್ ಸ್ನಾಯು ಮುಟ್ಟಬಾರದು, ನಿಲ್ಲೂದು ನಡಿಯೂದು ಅದರ ಮ್ಯಾಲೆನ ಐತಿ. ಎರಡೂ ಕಾಲು ಸೇರಿದ್ರ 200 ಯುನಿಟ್ ಆಗಬಹುದು, ದವಡಿದೂ ಕೂಡಿಸಿ ಎಣಸ್ರಿ. ದೊಡ್ಡವರಿಗೆ ಮೂರು ತಿಂಗಳಿಗೆ ಒಟ್ಟು 400 ದಾಟಬಾರದು ಅಂತ ಲೇಬಲ್ ಹೇಳತೈತಿ. ನಾ ಆದ್ರ ಎರಡೂ ಒಂದ ತಿಂಗಳದಾಗ ಹಾಕಸ್ರಿ ಅನ್ನೂದಿಲ್ಲ.

ಸಿಗೂದು ಎಷ್ಟು? ಸುತ್ತಳತಿ ಸೆಂಟಿಮೀಟರ್ ಒಂದೆರಡು. ಟೇಪ್ ಹಿಡಿಯೂ ಜಾಗ ಗುರುತು ಮಾಡಿಡ್ರಿ, ಮೊಣಕಾಲಿನ ಕೆಳಗ ಇಂತಿಷ್ಟು ಸೆಂ.ಮೀ. ಅಂತ, ಇಲ್ಲಾಂದ್ರ ಟೇಪ್ ಎರಡು ಬೆರಳು ಸರದ್ರನ ಅಷ್ಟು ಫರಕ್ ಬರತೈತಿ. ಕಳಕೊಳ್ಳೂದು ತುದಿಗಾಲಿನ ಜೋರು. ಸಪಾಟ ರಸ್ತ್ಯಾಗ ಗೊತ್ತಾಗೂದಿಲ್ಲ. ಗೋಳಗುಮ್ಮಟದ ಮಿನಾರಿನ ಮೆಟ್ಟಲ ಏರಿ ಪಿಸುಗುಟ್ಟೂ ಗ್ಯಾಲರಿ ಮುಟ್ಟೂದ್ರಾಗ ಕಾಲು ಸೋತು ನಿಲ್ಲತೈತಿ. ಓಡೂವರು, ಖೋಖೋ ಆಡೂವರು, ಕುಸ್ತಿ ಹಿಡಿಯೂವರಿಗೆ ಬ್ಯಾಡ. ಹೆಗಲಿನ ಟ್ರಪೀಜಿಯಸ್‌ಗೂ ಈಗ ಕೇಳಾಕತ್ತಾರ, ಅಲ್ಲಿ ಸೂಜಿ ಕೆಳಮುಖ ಇಳಿಸಿದ್ರ ಪುಪ್ಪಸದ ತುದಿ ಐತಿ, ಸ್ನಾಯು ಬೆರಳಿನ್ಯಾಗ ಹಿಡಿದು ಎತ್ತಿ ಅಡ್ಡಕ ಚುಚ್ಚಬೇಕು. ದಿನಾ ಕೊಡ ಹೊರೂವರಿಗೆ, ಮ್ಯಾಲಿನ ಮಾಡದಾಗಿಂದ ಡಬ್ಬಿ ಇಳಸೂವರಿಗೆ ತೋಳು ಎತ್ತಾಕ ಭಾರ ಆಗತೈತಿ, ಅದನ್ನ ಮೊದಲ ಕೇಳ್ರಿ.

ಜಮಖಂಡಿ_ಚರ್ಮ

ಎಲ್ಲಾರಿಗೂ ಧನ್ಯವಾದ್ರಿ. ಕಾಲಿನದು ಮದುವಿ ಆದ ಮ್ಯಾಲೆ ಅಂತ ಹೇಳಿದೆ, ಒಪ್ಪಿದ್ಲು. ಅದ ವಯಲ್‌ನಿಂದ ಅದ ದಿನ ಇನ್ನೊಬ್ಬರಿಗೆ ಹಣಿ ಗೆರಿಗೆ ಹಾಕಿದ್ದು ಫೈಲಿನ್ಯಾಗ ಸಿಕ್ತು, 20 ಅಂತ ಬರದೈತಿ. ಅದೂ ಗೀಟಿನ 20.

ತಂಪುಪೆಟ್ಟಿಗೆ_ವಿಜಯಪುರ

ಅಂದ್ರ 8 ಯುನಿಟ್ ಹೋಗೇತಿ. ಇವತ್ತ ಫೋನ್ ಹಚ್ಚಿ ಕರಸ್ರಿ, ಅವರು ಕಂಪ್ಲೇಂಟ್ ತಗೊಂಡು ಬರೂ ತನಕ ಕಾಯಬ್ಯಾಡ್ರಿ. ಮತ್ತ ಆ ಕಿತ್ತಳೆ ಡಬ್ಬಿ ಟ್ರೇದಿಂದ ತಗದು ಡಯಾಬಿಟಿಸ್ ಕಪಾಟಿನ್ಯಾಗ ಇಡ್ರಿ.